ತಡೆರಹಿತ ಬಸ್ಸಿನ ಯಶೋದಾ

ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಓಡುವ ತಡೆರಹಿತ ಬಸ್ಸಿನ ಕಂಡಕ್ಟರ್ ಯಶೋದಾಗೆ ಉರಿ ಶುರುವಾದದ್ದು ಬೇಸಿಗೆಯಲ್ಲಿ. ಮೂತ್ರಕ್ಕೆ ಹೋದರೆ ಮೆಣಸಿನಕಾಯಿ ಹಿಂಡಿದ ಹಾಗೆ. ಹೋಗಿ ಬಂದ ಮೇಲೂ ಇನ್ನೂ ಬಾಕಿ ಇದ್ದ ಹಾಗೆ. ಹೊಳಲ್ಕೆರೆಯ ಮನೆಯಲ್ಲಿ ಅತ್ತೆ ಮಲ್ಲಕ್ಕ ಕ್ಷಣದಲ್ಲಿ ರೋಗ ಕಂಡುಹಿಡಿದರು.

"ಉಷ್ಣ ಕಣೇ. ದಿನಾ ಇಂಜಿನ್ ಮಗ್ಗುಲಾಗೆ ನಿಂತ್ರೆ ಇನ್ನೇನಾಗ್ತೈತೆ?" ಎಂದು ಸೊಸೆಯ ಕಾಲಿನ ಹೆಬ್ಬೆರಳಿಗೆ ಸುಣ್ಣ ಹಚ್ಚಿದರು. ಎಲೆ, ಅಡಿಕೆ ಇದ್ದಿದ್ದರೆ ಹೆಬ್ಬೆರಳನ್ನೇ ಜಗಿಯಬಹುದಿತ್ತು.

ನಮ್ಮ ಸೀಮೆಯಲ್ಲಿ ಹೆಂಗಸಿನ ಸೊಂಟದ ಕೆಳಗಿನ ಕಾಯಿಲೆಗಳಿಗೆಲ್ಲ ಇದೊಂದೇ ಹೆಸರು. ಉಷ್ಣ ಅಂದುಬಿಟ್ಟರೆ ತಪ್ಪು ಬಿಸಿಲಿನದು. ಬಿಸಿಲಿಗೆ ನೋಟಿಸ್ ಕೊಡುವವರು ಯಾರು? ನಿಜ ಬೇರೆಯೇ ಇತ್ತು. ಒಂದು ಟ್ರಿಪ್ ಮುಗಿಯುವಷ್ಟರಲ್ಲಿ ಮುಂದಿನ ಟ್ರಿಪ್ಪಿನ ಜನ ಹತ್ತಿ ಕೂತಿರುತ್ತಾರೆ. ಆ ಸಂದಿಯಲ್ಲಿ ಡ್ರೈವರ್ ಚಿತ್ತಯ್ಯ ಹಿಂದಿನ ಟೈರಿನ ಮರೆಗೆ ಹೋಗಿ ಹಗುರಾಗಿ ಬರುತ್ತಾನೆ. ಯಶೋದಾಗೆ ಟೈರು ಸಾಲದು. ಹಾಗಾಗಿ ಆಕೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಕಾನ್ವೆಂಟ್ ಶಾಲೆಯ ಸಿಸ್ಟರ್‌ಗಳು ಎಷ್ಟೇ ಕಟ್ಟುನಿಟ್ಟಾಗಿರಲಿ, ಕಿರುಬೆರಳು ಎತ್ತಿದ ಮಗುವನ್ನು ಹೊರಗೆ ಬಿಡುತ್ತಾರೆ. ಈಕೆಯ ಬೆರಳುಗಳೆಲ್ಲ ಟಿಕೆಟ್ ಮೆಷಿನ್ ಮೇಲಿದ್ದವು.

ಸುಣ್ಣ ಒಣಗಿತು, ಉರಿ ಆರಲಿಲ್ಲ. ಒಂದು ಮಧ್ಯಾಹ್ನ ಚಳಿಜ್ವರ, ವಾಂತಿ, ಬೆನ್ನಿನ ಪಕ್ಕದಲ್ಲಿ ಗುದ್ದಿದಂಥ ನೋವು. ಚಿತ್ರದುರ್ಗದಲ್ಲಿ ಇಳಿದವಳು ಸೀದಾ ಡಾಕ್ಟರ್ ಕಾವ್ಯಶ್ರೀ ಬಳಿಗೆ ಹೋದಳು. ಮೂತ್ರ ಪರೀಕ್ಷೆ, ಸ್ಕ್ಯಾನ್ ಎಲ್ಲ ಆಯಿತು. ಕಿಡ್ನಿಯಲ್ಲಿ ಕಲ್ಲಿರಲಿಲ್ಲ, ದುರ್ಗದಲ್ಲಿ ಕಲ್ಲು ಬೆಟ್ಟದ ಮೇಲಿದ್ದರೇ ಚಂದ.

"ಇದು ಉಷ್ಣ ಅಲ್ಲ, ಸೋಂಕು. ಮೂತ್ರಚೀಲದಿಂದ ಕಿಡ್ನಿಗೆ ಹತ್ತಿದೆ," ಎಂದರು ಡಾಕ್ಟರ್.

"ನನ್ನ ಕಣ್ತಪ್ಪಿಸಿ ಟಿಕೆಟಿಲ್ದೆ ಹತ್ತಿದ್ದು ಇದೊಂದೇ ಮೇಡಂ."

ಡಾಕ್ಟರ್ ನಗಲಿಲ್ಲ. "ಗಂಟೆಗಟ್ಟಲೆ ಕಟ್ಟಿಕೊಂಡಿದ್ದರೆ ಒಳಗೆ ನಿಂತ ಮೂತ್ರದಲ್ಲಿ ಕ್ರಿಮಿ ಬೆಳೆಯುತ್ತೆ. ಹೀಗೇ ಮತ್ತೆ ಮತ್ತೆ ಮೇಲೆ ಹತ್ತಿದರೆ ಕಿಡ್ನಿಗೆ ಗಾಯದ ಕಲೆ ಬೀಳಬಹುದು. ಆಮೇಲೆ ಅದನ್ನ ಅಳಿಸೋಕಾಗಲ್ಲ. ಮಾತ್ರೆ ಪೂರ್ತಿ ಮುಗಿಸಿ, ನೀರು ಕುಡೀರಿ, ಬಂದಾಗ ಹೋಗಿ."

"ಬಂದಾಗ ಬಸ್ ಓಡ್ತಿರ್ತೈತಲ್ಲ?"

"ನಿಲ್ಲಿಸಿ."

ಕೆಲಸಕ್ಕೆ ಮರಳಿದ ಯಶೋದಾ ಹೊಟ್ಟೆ ತುಂಬ ನೀರು ಕುಡಿದಳು. ಹೊಳಲ್ಕೆರೆ ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕ್ ಎದುರು ಸೀಟಿ ಊದಿದಳು. ಚಿತ್ತಯ್ಯ ಬ್ರೇಕ್ ಹಾಕಿ ಹೌಹಾರಿ ತಿರುಗಿದ. "ಏನಕ್ಕ, ಯಾರಾನಾ ಬಿದ್ರಾ?"

"ಯಾರೂ ಬಿದ್ದಿಲ್ಲ. ನಾನು ಒಂದಕ್ಕೆ ಹೋಗ್ಬೇಕು."

ದುರ್ಗದ ಕಚೇರಿಯೊಂದರ ಗುಮಾಸ್ತ ರವೀಂದ್ರ ಸೀಟಿನಿಂದ ಎದ್ದ. "ಏನಮ್ಮ ಇದು, ನಾಚ್ಕೆ ಬ್ಯಾಡ್ವಾ? ಬೋರ್ಡ್ ನೋಡ್ರಿ, ತಡೆರಹಿತ ಅಂತ ಐತೆ!"

"ಬಸ್ಸಿಗೆ ತಡೆ ಇಲ್ಲ ಅಂತ ಐತೆ ಸಾರ್. ಕಂಡಕ್ಟರ್ ತಡ್ಕಬೇಕು ಅಂತ ಎಲ್ಲೈತೆ, ತೋರ್ಸ್ರಿ."

"ಮನೇಲೇ ಮುಗಿಸ್ಕಂಡು ಬರಾಕೇನು?"

"ನೀವು ಬೆಳಿಗ್ಗೆ ಮುಗಿಸ್ಕಂಡ್ ಬಂದಿದ್ದು ಸಂಜೆ ತಂಕ ಸಾಕಾಗ್ತೈತಾ? ಮತ್ತೆ ನಿಮ್ಮ ಆಫೀಸ್ನಾಗೆ ಬಾತ್ರೂಮ್ ಯಾಕೆ ಕಟ್ಟವ್ರೆ, ಪೂಜೆ ಮಾಡಾಕಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ರವೀಂದ್ರನ ಕಿವಿ ಕೆಂಪಾಯಿತು. "ಡಿಪೋಗೆ ಫೋನ್ ಮಾಡ್ತೀನಿ."

ದೂರು ಹೋದರೆ ಮೆಮೊ ಬರುತ್ತದೆಂದು ಯಶೋದಾಗೆ ಗೊತ್ತು. ಆದರೂ ಟಿಕೆಟ್ ಮೆಷಿನ್ನನ್ನು ಚೀಲಕ್ಕೆ ತುರುಕಿದಳು.

"ಮಾಡ್ರಿ. ಹೆಸ್ರು ಯಶೋದಾ. ಮೆಮೊ ಕೊಟ್ರೆ ಇಸ್ಕಂತೀನಿ, ಅದ್ರ ಜೊತೆ ಬೇರೆ ಕಿಡ್ನಿ ಏನೂ ಕೊಡಲ್ಲ ಅವ್ರು. ಬಸ್ಸು ನಾಳೇನೂ ಇಲ್ಲೇ ನಿಲ್ತೈತೆ ಅಂತ್ಲೂ ಹೇಳ್ರಿ."

ಹಣದ ಚೀಲ ಹೆಗಲಿಗೇರಿಸಿ ಇಳಿದಳು. ಹಿಂದೆಯೇ ಇಬ್ಬರು ಹೆಂಗಸರು ಸೆರಗು ಸರಿಮಾಡಿಕೊಂಡು ಇಳಿದರು. ಮೂರನೆಯವಳು ಕಂಕುಳಲ್ಲಿದ್ದ ಮಗುವನ್ನು ಅಡ್ಡ ನಿಂತಿದ್ದ ರವೀಂದ್ರನ ಕೈಗಿಟ್ಟು, "ಒಂಚೂರು ಹಿಡ್ಕಳ್ರಿ ಅಣ್ಣ," ಎಂದು ಇಳಿದೇಬಿಟ್ಟಳು. ಫೋನ್ ಮಾಡಲು ಅವನಿಗೆ ಕೈ ಖಾಲಿ ಇರಲಿಲ್ಲ.