ಮೊಮ್ಮಗಳಿಗೆ ಬಜೆ ತೇಯದ ಏಕಾಂತಮ್ಮ

ತಾಳ್ಯದ ಸುತ್ತಮುತ್ತ ಕೂಸು ಹುಟ್ಟಿದರೆ ನೀರೆರೆಯಲು ಏಕಾಂತಮ್ಮನನ್ನೇ ಕರೆಯುತ್ತಿದ್ದರು. ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹದವಾದ ಬಿಸಿನೀರು ಹೊಯ್ದು, ಕಡೆಗೆ ತೇಯ್ದ ಬಜೆಯನ್ನು ಬೆರಳ ತುದಿಯಲ್ಲಿ ನೆಕ್ಕಿಸುವುದು ಅವಳ ಮೂವತ್ತು ವರ್ಷದ ರೂಢಿ.

ಸೊಸೆ ಸುಷ್ಮಿತಾ ಬಸುರಿಯಾದಾಗ ಹೊಳಲ್ಕೆರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಎಚ್‌ಐವಿ ಇತ್ತು. ಮಗ ಓಬಳೇಶನಿಗೂ ಇತ್ತು. ಸೊಸೆಯೇ ಒಲೆ ಮುಂದೆ ಕೂತು ಹೇಳಿದಳು. ಯಾರಿಂದ ಯಾರಿಗೆ ಎಂದು ಏಕಾಂತಮ್ಮ ಕೇಳಲಿಲ್ಲ. ಉತ್ತರ ಸಿಕ್ಕಿಬಿಟ್ಟೀತೆಂಬ ಹೆದರಿಕೆ. ನಾಲ್ಕು ದಿನ ಸೊಸೆಯ ತಟ್ಟೆಯನ್ನು ಬೇರೆ ಇಟ್ಟಳು. ಸುಷ್ಮಿತಾ ಅದರಲ್ಲೇ ಉಂಡು, ತೊಳೆದು ಬೇರೆಯಾಗಿಯೇ ಬೋರಲು ಹಾಕಿದಳು.

ಆಸ್ಪತ್ರೆಯ ಆಪ್ತ ಸಮಾಲೋಚಕಿ ಸುಪ್ರಿಯಾ ಅತ್ತೆಯನ್ನೂ ಕೂರಿಸಿಕೊಂಡು ಹೇಳಿದರು: “ಇವರು ದಿನಾ ಮಾತ್ರೆ ತಗಳ್ಳಿ, ಒಂದಿನಾನೂ ತಪ್ಪಂಗಿಲ್ಲ. ಮಗು ಹುಟ್ಟಿದ ಮೇಲೆ ಆರು ವಾರ ಸಿರಪ್ ಹಾಕ್ರಿ. ಆರು ತಿಂಗಳು ತಾಯಿ ಹಾಲೊಂದೇ. ಜೇನು, ನೀರು, ಬಜೆ, ಯಾವುದೂ ಬ್ಯಾಡ. ಬೇರೆ ಏನಾದ್ರೂ ಹೊಟ್ಟೆಗೆ ಬಿದ್ರೆ ಎಳೇ ಕರುಳು ಕೆರೆದು, ಹಾಲಿನ ಜೊತೆ ಸೋಂಕು ಹತ್ತಬಹುದು.”

“ನೀರೆರೆಯಾದು?”

“ಎರೀರಿ ಅಮ್ಮ. ಮುಟ್ಟಿದ್ರೆ ಬರಲ್ಲ.”

ಹೆಣ್ಣು ಕೂಸು ಹುಟ್ಟಿತು. ಮೊದಲ ದಿನ ಕಾಲ ಮೇಲೆ ಮಲಗಿಸಿಕೊಂಡಾಗ ಏಕಾಂತಮ್ಮ ನೀರಿನ ಹದವನ್ನು ಮೂರು ಸಲ ಮುಟ್ಟಿ ನೋಡಿದಳು. ಕೂಸಿಗಾಗಿ ಹೆದರುತ್ತಿದ್ದಾಳೋ, ಕೂಸಿಗೇ ಹೆದರುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಆದರೂ ಎರೆದಳು.

ಹದಿನೈದನೇ ದಿನ ಪಕ್ಕದ ಮನೆಯ ಉಚ್ಚಂಗೆಮ್ಮ ಬಂದಳು. “ಊರ ಕೂಸಿಗೆಲ್ಲ ಬಜೆ ತೇಯ್ದಾಕೆ, ನಿನ್ನ ಮೊಮ್ಮಗಳಿಗೆ ಯಾಕಕ್ಕ ಹಾಕಲ್ಲ?”

“ಡಾಕ್ಟ್ರು ಬ್ಯಾಡ ಅಂದವ್ರೆ.”

“ಅವರಿಗೇನು ಗೊತ್ತೈತೆ?”

ಏಕಾಂತಮ್ಮ ಹಂಡೆಗೆ ಸೌದೆ ಹಾಕಿ ಬರುವಷ್ಟರಲ್ಲಿ ಕೂಸು ತುಟಿ ಚಪ್ಪರಿಸುತ್ತಿತ್ತು. ಉಚ್ಚಂಗೆಮ್ಮ ಬಜೆ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಏಕಾಂತಮ್ಮ ಕೂಸನ್ನು ಎತ್ತಿಕೊಂಡು ಅದರ ಬಾಯಿ ಒರೆಸಿದಳು. ಬೈದರೆ ಕಾರಣ ಹೇಳಬೇಕಾಗುತ್ತದೆ. ಕಾಫಿ ಕುಡಿದು ಹೋಗೆಂದಳು.

ಮರುದಿನ ಮೊದಲ ಬಸ್ಸಿಗೇ ಸುಪ್ರಿಯಾ ಬಳಿ ಹೋದಳು. “ಒಂದ್ಸಲ ನೆಕ್ಕಿಸಿದ್ದಕ್ಕೇ ಬಂದೇ ಬರುತ್ತೆ ಅಂತಿಲ್ಲ ಅಮ್ಮ. ಸಿರಪ್, ಮಾತ್ರೆ ಬಿಡಬ್ಯಾಡ್ರಿ. ಇನ್ಮೇಲೆ ಯಾರಿಗೂ ಹಾಕಾಕೆ ಬಿಡಬ್ಯಾಡ್ರಿ” ಎಂದರು. ಬಂದೇ ಬರುತ್ತೆ ಅಂತಿಲ್ಲ. ಹಾಗಂದರೆ ಬಂದರೂ ಬರಬಹುದು. ಬಸ್ಸಿನುದ್ದಕ್ಕೂ ಅದೇ ಮಾತು ತಲೆಯಲ್ಲಿ ಸುತ್ತಿತು. ಅಂದಿನಿಂದ ಕೂಲಿಗೆ ಹೋಗುವುದನ್ನೂ ಬಿಟ್ಟು ತೊಟ್ಟಿಲ ಪಕ್ಕ ಕಾವಲು ಕೂತಳು.

ಆರನೇ ವಾರ ಪರೀಕ್ಷೆಗೆಂದು ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದರು. ವರದಿ ಬರುವವರೆಗೆ ಓಬಳೇಶನ ಫೋನು ಸದ್ದು ಮಾಡಿದಾಗಲೆಲ್ಲ ಅವಳು ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ವರದಿಯಲ್ಲಿ ಸೋಂಕಿರಲಿಲ್ಲ. ಆದರೆ ಆರು ತಿಂಗಳಿಗೆ, ವರ್ಷಕ್ಕೆ, ಒಂದೂವರೆ ವರ್ಷಕ್ಕೆ ಮತ್ತೆ ನೋಡಬೇಕಿತ್ತು. ಕೂಸಿಗೆ ಸಣ್ಣ ಜ್ವರ ಬಂದರೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ಒಂದೂವರೆ ವರ್ಷದ ಪರೀಕ್ಷೆಗೆ ಅತ್ತೆ, ಸೊಸೆ, ಕೂಸು ಮೂವರೂ ಹೋದರು.

“ಮಗೀಗೆ ಇಲ್ಲ ಅಮ್ಮ” ಎಂದರು ಸುಪ್ರಿಯಾ.

“ಮುಂದಿನ ಪರೀಕ್ಷೆ ಯಾವಾಗ?”

“ಇನ್ನು ಬ್ಯಾಡ. ಮುಗೀತು.”

ಏಕಾಂತಮ್ಮ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡಳು. ಬೆಂಚಿನ ಮೇಲೆ ಕೂತು ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡಳು. ಸುಷ್ಮಿತಾ ಅತ್ತೆಯ ಹೆಗಲಿಗೆ ತಲೆಯಿಟ್ಟು ಅತ್ತಳು.

ಮಗ, ಸೊಸೆಯ ಮಾತ್ರೆ ಮಾತ್ರ ನಿಲ್ಲುವಂತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಊರಿನವರ ದನಿ ಕೇಳಿಸಿತು. ಏಕಾಂತಮ್ಮ ಸೊಸೆಯ ಕೈಲಿದ್ದ ಮಾತ್ರೆಯ ಡಬ್ಬಿಯನ್ನು ತನ್ನ ಚೀಲಕ್ಕೆ ತೆಗೆದುಕೊಂಡು, ಮೆಂತ್ಯ ಸೊಪ್ಪಿನ ಕಟ್ಟಿನಡಿ ತುರುಕಿದಳು.