ನಳದ ಸಾಲಿನಲ್ಲಿ ಅಮೆರಿಕದ ಕಾದಂಬರಿ

ಮೊನ್ನೆ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಾಗ ಒಣ ಬೇವಿನ ಎಲೆಯ ವಾಸನೆ ಮೂಗಿಗೆ ಬಡಿಯಿತು. ನುಸಿ ಹತ್ತದಿರಲಿ ಎಂದು ನಾನೇ ಹಾಕಿದ ಎಲೆಗಳು. ದಿನವೂ ತೆಗೆಯುವ ಡಬ್ಬಿ ಅದು, ಹೊಸದೇನಲ್ಲ. ಆದರೆ ಮೊನ್ನೆ ಯಾಕೋ ಆ ವಾಸನೆಗೆ ಅಕ್ಕಿಯ ಬದಲು ಪುಸ್ತಕದ ನೆನಪಾಯಿತು. ವಿಕ್ರೋಳಿಯ ನಮ್ಮ ಚಾಳಿನ ಕೊನೆಯ ಖೋಲಿ, ಅಲ್ಲಿ ಗೋಡೆಗೆ ಒರಗಿಸಿಟ್ಟ ಪುಸ್ತಕಗಳು, ಅವುಗಳ ನಡುವೆ ಕುಳಿತ ಮಾಸ್ತರರು...

ಜನ ಅಕ್ಕಿಗೆ ಬೇವಿನ ಎಲೆ ಹಾಕಿದರೆ ಅವರು ಕಾದಂಬರಿಗೆ ಹಾಕುತ್ತಿದ್ದರು. "ನಿಮ್ಮ ಪುಸ್ತಕಕ್ಕೂ ನುಸಿ ಹತ್ತಾವೇನ್ರಿ ಮಾಸ್ತರ್ರ?" ಎಂದು ನಾನೊಮ್ಮೆ ಕಿಚಾಯಿಸಿದ್ದೆ. "ಹತ್ತಾವ ತಂಗಿ. ಅವಕ್ಕೂ ಇಂಗ್ಲೀಷ್ ಓದಲಿಕ್ಕೆ ಬರ್ತದ" ಎಂದಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನನ್ನ ಯಜಮಾನರು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು, ಅತ್ತೆಯವರೂ ನಮ್ಮ ಜೊತೆಗಿದ್ದರು. ನಾನು ಬಿಜಾಪುರದ ಕಡೆಯವಳು, ಕನ್ನಡ ಏಳನೆಯ ಇಯತ್ತೆ ಮುಗಿಸಿ ಮದುವೆಯಾಗಿ ಬಂದವಳು. ಮಾಸ್ತರರು ಧಾರವಾಡದವರು, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಇಂಗ್ಲೀಷ್ ಕಲಿಸುತ್ತಿದ್ದರು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ರವಿವಾರ ಬೆಳಿಗ್ಗೆ ಲೋಕಲ್ ಹಿಡಿದು ಹೋಗಿ ಗ್ರಾಂಟ್ ರೋಡಿನ ಫುಟ್‌ಪಾತಿನಿಂದ ಹಳೆಯ ಪುಸ್ತಕ ತರುವುದು, ಮಧ್ಯಾಹ್ನ ಚಾಳಿನ ಪಡಸಾಲೆಯಲ್ಲಿ ಕುಳಿತು ಅದರ ಕಥೆಯನ್ನು ನಮಗೆ ಕನ್ನಡದಲ್ಲಿ ಹೇಳುವುದು, ಇದು ಅವರ ವಾರದ ವ್ರತ. ಊರಲ್ಲಿ ಪುರಾಣ ಹೇಳುವವರು ಕೂಡುವಂತೆ ಅವರು ಕೂಡುತ್ತಿದ್ದರು. ನಾವು ಹೆಂಗಸರು ಸುತ್ತ ಕುಳಿತು ಅಕ್ಕಿ ಆರಿಸುತ್ತ, ಶಾವಿಗೆ ಹೊಸೆಯುತ್ತ ಕೇಳುತ್ತಿದ್ದೆವು. ಆ ದಿನದ ಕಥೆಯನ್ನು ಅಳುವಿನಲ್ಲೋ ಸಾವಿನಲ್ಲೋ ಅವರು ಎಂದೂ ನಿಲ್ಲಿಸುತ್ತಿರಲಿಲ್ಲ. ಇನ್ನೆರಡು ಪುಟ ಮುಂದೆ ಹೋಗಿ, ಒಳ್ಳೆಯದೊಂದು ಮಾತು ಬಂದಮೇಲೆ ಪುಸ್ತಕ ಮುಚ್ಚುತ್ತಿದ್ದರು. ಮಂಗಳವಾಗದೆ ಏಳಬಾರದು, ಕೇಳಿದವರ ಮನೆಗೆ ಒಳ್ಳೆಯದಲ್ಲ ಎಂಬುದು ನಮ್ಮೆಲ್ಲರ ನಂಬಿಕೆ. ಅವರದೂ ಅದೇ ಇದ್ದಿರಬೇಕು.

ಆ ವರ್ಷ ನಗರದ ನಮ್ಮ ಕನ್ನಡ ಸಂಘದವರು ಒಂದು ದೊಡ್ಡ ಕೆಲಸ ಕೈಗೆತ್ತಿಕೊಂಡಿದ್ದರು. ಅಮೆರಿಕದ ಒಂದೊಂದು ಕಾಲದಿಂದ ಒಂದೊಂದು ಶ್ರೇಷ್ಠ ಕಾದಂಬರಿ ಆರಿಸಿ, ಕನ್ನಡಕ್ಕೆ ತರಿಸಿ ಅಚ್ಚು ಹಾಕಿಸುವುದು. ಯಾವುದು ಶ್ರೇಷ್ಠ ಎಂದು ನಿರ್ಣಯಿಸಲು ಕಾಲೇಜಿನ ಒಬ್ಬ ಪ್ರೊಫೆಸರರು. ಮಾಸ್ತರರಿಗೆ ಆಸೆ ಹುಟ್ಟಿತು. ಅವುಗಳಲ್ಲಿ ಒಂದನ್ನಾದರೂ ತಾವು ಕನ್ನಡಕ್ಕೆ ತರಬೇಕು, ತಮ್ಮ ಹೆಸರಿನಲ್ಲಿ ಒಂದು ಪುಸ್ತಕ ಬರಬೇಕು. ಇಡೀ ಜೀವಮಾನದಲ್ಲಿ ಆ ಮನುಷ್ಯ ಬಾಯಿಬಿಟ್ಟು ಬೇಡಿದ್ದು ಅದೊಂದೇ ಎಂದು ಈಗ ಅನ್ನಿಸುತ್ತದೆ.

ಕಾಲಗಳನ್ನು ಅವರು ನಮಗೆ ತಿಳಿಯುವಂತೆ ವಿಂಗಡಿಸಿದ್ದರು. ಗುಲಾಮರನ್ನು ಮಾರುತ್ತಿದ್ದ ಕಾಲ, ರೈಲು ಬಂದ ಕಾಲ, ಎರಡು ಮಹಾಯುದ್ಧಗಳ ನಡುವಿನ ಕಾಲ, ಆಮೇಲೆ ನಮ್ಮ ಕಾಲ. ಒಂದೊಂದು ಕಾಲಕ್ಕೂ ಎರಡು ಮೂರು ಕಾದಂಬರಿ ಹೇಳಿದರು. ಯಾವುದು ಶ್ರೇಷ್ಠ ಎಂದು ಅಳೆಯುವುದಕ್ಕೆ ಅವರ ಹತ್ತಿರ ಒಂದೇ ತಕ್ಕಡಿ. "ಸೋಮವಾರ ನಳದ ಮುಂದ ಯಾವ ಕಥಿ ಮಾತು ಬರ್ತದೋ ಅದು ದೊಡ್ಡದು. ನೀರು ಬಂದಮ್ಯಾಲೂ ಮಾತು ನಿಲ್ಲಲಿಲ್ಲ ಅಂದ್ರ ಅದು ಶ್ರೇಷ್ಠ."

ನಗಬೇಡಿ. ಬೆಳಗಿನ ನೀರಿನ ಸಾಲಿನಲ್ಲಿ ಕೊಡಕ್ಕಾಗಿ ಜಗಳವಾಡುತ್ತಿದ್ದ ನಾವು ಅಮೆರಿಕದ ಗಂಡಸರಿಗಾಗಿ ಜಗಳವಾಡತೊಡಗಿದೆವು. ದುಡ್ಡಿದ್ದವನನ್ನು ಮದುವೆಯಾದ ಒಬ್ಬಳನ್ನು ಅರ್ಧ ಸಾಲು ಬೈದರೆ ಅರ್ಧ ಸಾಲು ಸೈ ಎಂದಿತು. ಆದರೆ ನೀರು ಬಂದಮೇಲೂ ಮಾತು ನಿಲ್ಲದಂತೆ ಮಾಡಿದ್ದು ರೈಲು ಬಂದ ಕಾಲದ ಒಂದು ಕಥೆ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರು ಯಾರಾದರೂ ಕೊನೆ ಹೇಳಿಬಿಡುತ್ತೀರಿ. ಬಯಲು ಸೀಮೆಯಲ್ಲಿ ಹೊಸದಾಗಿ ಮನೆ ಕಟ್ಟಿದ ಗಂಡ ಹೆಂಡತಿ, ಸುತ್ತ ಹರದಾರಿಗಟ್ಟಲೆ ಒಂದು ಮನೆಯಿಲ್ಲ. ಚಳಿಗಾಲದಲ್ಲಿ ಅವರಿಗೊಂದು ಕೂಸು ಹುಟ್ಟುತ್ತದೆ. ಹಿಮ ಬೀಳುತ್ತದೆ, ಕೂಸಿಗೆ ಜ್ವರ ಬರುತ್ತದೆ...

ನನಗೆ ಆಗ ದಿನ ತುಂಬುತ್ತ ಬಂದಿದ್ದವು. ಇದು ಎರಡನೆಯ ಬಸಿರು. ಮೊದಲನೆಯ ಕೂಸು ಹೆಸರಿಟ್ಟು ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿತ್ತು. ಆ ರವಿವಾರ ಮಾಸ್ತರರು ಕೂಸಿನ ಜ್ವರದಲ್ಲಿಗೆ ಬಂದು ಯಾಕೋ ತಡವರಿಸಿದರು. ಅಂದು ಅಲ್ಲಿಗೇ ಸಾಕೆಂದು ಎದ್ದರು. ಅವರು ಮಂಗಳವಿಲ್ಲದೆ ಎದ್ದದ್ದು ಅದೊಂದೇ ಸಲ. ಆ ವಾರವಿಡೀ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಮುಂದಿನ ರವಿವಾರ ಬಂದು ಕುಳಿತವರೇ ಪುಸ್ತಕವನ್ನೂ ತೆರೆಯದೆ ಹೇಳಿದರು, "ಬೆಳಕು ಹರಿಯೂದ್ರಾಗ ಜ್ವರ ಇಳೀತು. ಬ್ಯಾಸಗಿ ಬಂತು, ಹಿಮ ಕರಗಿತು. ಕೂಸು ಬೇಲಿ ಹಿಡಕೊಂಡು ಹೆಜ್ಜಿ ಹಾಕ್ತು."

ನಾನು ಅತ್ತುಬಿಟ್ಟೆ. ನನಗೆ ಮಗಳು ಹುಟ್ಟಿದಾಗ ಆ ಬೇಲಿಯೇ ಕಣ್ಣ ಮುಂದಿತ್ತು. ಮಗಳು ಉಳಿದಳು.

ಕಾದಂಬರಿ ಆರಿಸಲು ಸಂಘದವರು ಕರೆದ ಸಭೆಯ ಹೊತ್ತಿಗೆ ಅವಳಿಗೆ ಕುತ್ತಿಗೆ ನಿಂತಿತ್ತು. ಮಾಸ್ತರರು ಸಂಘದವರ ಮುಂದೆ ಒಂದು ಮಾತಿಟ್ಟಿದ್ದರು. ನಾನು ಕನ್ನಡದಲ್ಲಿ ಹೇಳಿದ ಕಥೆ ಕನ್ನಡದವರ ಬಾಯಲ್ಲಿ ನಿಂತಿದೆಯೋ ಇಲ್ಲವೋ ನೋಡಿ, ಇಂಗ್ಲೀಷ್ ಬಾರದ ನಮ್ಮ ಚಾಳಿನ ಹೆಣ್ಣುಮಗಳೊಬ್ಬಳು ಬಂದು ಹೇಳುತ್ತಾಳೆ, ಅದೇ ನನ್ನ ಪರೀಕ್ಷೆ ಎಂದಿದ್ದರು. ನಳದ ಸಾಲು ನನ್ನನ್ನೇ ಆರಿಸಿತು. ಯಾವ ಕಥೆ ಎಂದಾಗ ನಾನು ಆ ಕೂಸಿನ ಕಥೆ ಎಂದೆ. ಮಾಸ್ತರರ ಮುಖ ಸಣ್ಣದಾಯಿತು. "ಬ್ಯಾರೆದು ತಗೋ ತಂಗಿ" ಎಂದರು. ನಾನು ಹಟ ಹಿಡಿದೆ. ಕೊನೆಗೆ, "ಹಂಗಾದ್ರ ಕೊನೀ ಭಾಗ ಹೇಳಬ್ಯಾಡ. ಕೂಸಿಗೆ ಜ್ವರ ಬಂತು ಅನ್ನೂದ್ರಾಗ ಬಿಟ್ಟು ಕೈ ಮುಗಿ. ಓದಲಿಕ್ಕೆ ಏನರ ಉಳೀಲಿ" ಎಂದರು. ಆಗಲಿ ಎಂದೆ.

ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮೇಲಿದ್ದ ಹಾಲಿನಲ್ಲಿ ಸಭೆ. ಕೆಳಗಿನಿಂದ ಸಾಂಬಾರಿನ ವಾಸನೆ, ಮೇಲೆ ಇಸ್ತ್ರಿ ಮಾಡಿದ ಅಂಗಿಗಳು. ಅತ್ತೆಯವರು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೆಂಗಸರ ಕಡೆ ಕುಳಿತಿದ್ದರು. ಮಾಸ್ತರರು ಕಪ್ಪು ಕೋಟು ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ನಾನು ಹೇಳುತ್ತ ಹೋದೆ. ಜನ ಕೇಳುತ್ತಿದ್ದಾರೆ ಎಂದು ಗೊತ್ತಾದಂತೆ ನನಗೆ ರೆಕ್ಕೆ ಬಂದವು. ಕೂಸಿಗೆ ಜ್ವರ ಬಂತು. ಅಲ್ಲಿ ನಿಲ್ಲಿಸಬೇಕಿತ್ತು. ಕೈಯನ್ನೂ ಮುಗಿದೆ. ಆದರೆ ಅಷ್ಟು ಜನರನ್ನು, ನನ್ನ ಮಗಳನ್ನೂ ಸೇರಿಸಿ, ಜ್ವರ ಬಂದ ಕೂಸಿನ ಮುಂದೆ ಬಿಟ್ಟು ಏಳುವುದು ನನ್ನಿಂದಾಗಲಿಲ್ಲ. ಮಂಗಳ ಹಾಡದೆ ಇಳಿಯಬಾರದು ಎಂದು ಕಲಿತ ಜೀವ. ಜ್ವರ ಇಳಿಸಿದೆ, ಹಿಮ ಕರಗಿಸಿದೆ, ಕೂಸನ್ನು ಬೇಲಿ ಹಿಡಿಸಿ ನಡೆಸಿದೆ.

ಪ್ರೊಫೆಸರರು ಕನ್ನಡಕ ತೆಗೆದರು. "ತಾಯೀ, ನೀವು ಯಾವ ಕಾದಂಬರಿ ಹೇಳುತ್ತಿದ್ದೀರಿ? ಈ ಕಾದಂಬರಿಯಲ್ಲಿ ಮಗು ಸತ್ತುಹೋಗುತ್ತದೆ. ಅದಕ್ಕೇ ಅಲ್ಲವೇ ಇದು ಶ್ರೇಷ್ಠ ಕಾದಂಬರಿ?"

ಇಡೀ ಸಭೆ ಗೊಳ್ಳೆಂದು ನಕ್ಕಿತು. ಯಾರೋ ಹಿಂದಿನಿಂದ, "ಸಿನಿಮಾ ಮಾಡಲಿಕ್ಕೆ ಛಲೋ ಅದ" ಎಂದರು. ಇನ್ನೊಮ್ಮೆ ನಗೆ. ನನ್ನ ಕಿವಿ ಸುಡತೊಡಗಿದವು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ. ಅಂದಿನ ಆ ನಾಚಿಕೆ ಇವತ್ತಿಗೂ ನೆನೆದರೆ ಮೈಮೇಲೆ ಬರುತ್ತದೆ. ಸೆರಗಿನ ತುದಿ ಹಿಂಡುತ್ತ ನಿಂತಿದ್ದವಳು ಒಮ್ಮೆಲೆ ಕೈ ಎತ್ತಿ ಕೊನೆಯ ಸಾಲಿಗೆ ಬೆರಳು ತೋರಿಸಿದೆ. "ನನಗೇನ್ ಗೊತ್ರಿ? ಅವ್ರೇ ಹಿಂಗ ಹೇಳ್ಯಾರ."

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಮಾಸ್ತರರು ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು. ನನ್ನತ್ತ ನೋಡಲಿಲ್ಲ. ಹೆಂಗಸರ ಕಡೆ ಒಮ್ಮೆ ನೋಡಿ ಕೈ ಮುಗಿದರು. "ಹೌದ್ರಿ. ನಾ ಓದಿದ್ದೇ ತಪ್ಪು. ನನ್ನ ಇಂಗ್ಲೀಷ್ ಅಷ್ಟಕ್ಕಷ್ಟ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾದಂಬರಿಯೇನೋ ಆಯ್ಕೆಯಾಯಿತು, ಆದರೆ ಅದನ್ನು ಕನ್ನಡಕ್ಕೆ ತರುವ ಕೆಲಸ ಬೇರೆ ಯಾರ ಪಾಲಿಗೋ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಕ್ಕಳಿಗೆ ಇಂಗ್ಲೀಷ್ ಕಲಿಸುವ ಮಾಸ್ತರರಿಗೇ ಇಂಗ್ಲೀಷ್ ಬರುವುದಿಲ್ಲ ಎಂಬ ಸುದ್ದಿ ಲೋಕಲ್ ಹಿಡಿದು ನಮಗಿಂತ ಮೊದಲೇ ವಿಕ್ರೋಳಿಗೆ ಬಂದಿತ್ತು. ನಾನೂ ಅದನ್ನೇ ನಂಬಿದೆ. ಅರೆಬರೆ ಓದಿ ಇಂಗ್ಲೀಷ್ ಬಾರದ ನಮ್ಮಂಥವರ ಮುಂದೆ ಬುರುಡೆ ಬಿಟ್ಟರು, ನನ್ನ ಮಾನ ಕಳೆದರು ಎಂದು ಸಿಟ್ಟಾದೆ. ಪಡಸಾಲೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದೆ. ರವಿವಾರದ ಕಥೆ ನಿಂತಿತು. ಮಾಸ್ತರರು ನಳಕ್ಕೆ ಎಲ್ಲರಿಗಿಂತ ಮೊದಲೇ ಬಂದು ನೀರು ತುಂಬಿಕೊಂಡು ಹೋಗತೊಡಗಿದರು. ಮುಂದಿನ ವರ್ಷ ಖೋಲಿ ಬಿಟ್ಟು ಪವಾಯಿಯ ಕಡೆ ತಮ್ಮನ ಮಗನ ಮನೆಗೆ ಹೋದರು. ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತು, "ಕೂಸು ನಡೀತದೇನವಾ?" ಎಂದು ಕೇಳಿದರು. ನಾನು ಒಳಗೆ ಪಾತ್ರೆ ತಿಕ್ಕುತ್ತಲೇ ಇದ್ದೆ. ಅತ್ತೆಯವರೇ, "ನಡೀತದ್ರಿ, ಗ್ವಾಡಿ ಹಿಡಕೊಂಡು" ಎಂದರು.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಅವರ ಮಾತು ಬಂತು. ನಾನು ಹಳೆಯ ಸಿಟ್ಟಿನಲ್ಲೇ ಏನೋ ಅಂದೆ. ಅತ್ತೆಯವರು ಮೊರ ಕೆಳಗಿಟ್ಟರು.

"ಅವ್ರಿಗೆ ಬೈಬ್ಯಾಡ. ಕೂಸು ಸಾಯ್ತದ ಅಂತ ಅವ್ರಿಗೆ ಗೊತ್ತಿತ್ತು. ಆ ವಾರ ನೀ ನಿದ್ದಿ ಇಲ್ಲದ ಹೊರಳ್ಯಾಡೂದು ನೋಡಿ ನಾನೇ ಹೋಗಿ ಕಾಲಿಗೆ ಬಿದ್ದೆ. ಬಸುರಿ ಹೆಂಗಸು ಅದಾಳ, ಒಂದು ಕಳಕೊಂಡಾಳ, ಆ ಕೂಸಿನ ಉಳಸ್ರಿ ಮಾಸ್ತರ್ರ ಅಂದೆ. ಬರದವ್ರು ಬ್ಯಾರೆ ಅದಾರವಾ, ನಾ ಹ್ಯಾಂಗ ಉಳಸ್ಲಿ ಅಂದ್ರು. ಆಮ್ಯಾಲೆ ಉಳಿಸಿದ್ರು."

"ಆ ಸಭಾದಾಗ ನೀವ್ಯಾಕ ಬಾಯಿ ಬಿಡಲಿಲ್ಲ?" ಎಂದೆ.

"ಹ್ಯಾಂಗ ಬಿಡ್ಲಿ? ತೊಡೀ ಮ್ಯಾಲೆ ನಿನ್ನ ಕೂಸಿತ್ತು. ಆ ಕೂಸಿನ ಮುಂದ ಸಾವಿನ ಮಾತು ಆಡಲೇನು? ಅವ್ರೂ ನನ್ನ ನೋಡಿ ಕೈ ಮುಗದ್ರು. ಸುಮ್ಮಕಿರ್ರಿ ಅಂದಂಗಿತ್ತು."

ಅಂದು ಅಕ್ಕಿಯಲ್ಲಿ ಕಲ್ಲು ಯಾವುದು ಕಾಳು ಯಾವುದು ತಿಳಿಯದಾಯಿತು. ಸಭೆಯಲ್ಲಿ ನಕ್ಕವರ ಮುಂದೆ ಆದ ನಾಚಿಕೆ ಏನೂ ಅಲ್ಲ ಅನ್ನಿಸಿತು. ಇದು ಬೇರೆ ಜಾತಿಯದು. ಇದಕ್ಕೆ ನೋಡುವವರು ಬೇಕಿರಲಿಲ್ಲ. ಒಮ್ಮೆ ಅವರ ಮನೆ ಹುಡುಕಿಕೊಂಡು ಬಸ್ಸಿನಲ್ಲಿ ಪವಾಯಿಗೆ ಹೋದೆ. ಕೆರೆಯ ಹತ್ತಿರ ಇಳಿದೆ. ಏನೆಂದು ಹೇಳುವುದು, ಯಾವ ಮುಖ ಹೊತ್ತು ನಿಲ್ಲುವುದು ಎಂದು ಸ್ಟಾಪಿನಲ್ಲೇ ಬಹಳ ಹೊತ್ತು ನಿಂತು, ಹಿಂದಿರುಗುವ ಬಸ್ಸು ಬಂದಾಗ ಹತ್ತಿಬಿಟ್ಟೆ. ಮಗಳನ್ನು ಕರೆದುಕೊಂಡು ಇನ್ನೊಮ್ಮೆ ಹೋದರಾಯಿತು ಅಂದುಕೊಂಡೆ. ಆ ಮಳೆಗಾಲದಲ್ಲೇ ಅವರು ತೀರಿಕೊಂಡರೆಂದು ಸುದ್ದಿ ಬಂತು...

ಆಮೇಲೆ ಮಗಳ ಪಾಟಿಯ ಜೊತೆಗೇ ಕುಳಿತು ನಾನೂ ಇಂಗ್ಲೀಷ್ ಅಕ್ಷರ ಕಲಿತೆ. ಕಾಲಕ್ರಮೇಣ ಆ ಕಾದಂಬರಿಯನ್ನೂ ಕೊಂಡೆ. ಜ್ವರ ಬರುವವರೆಗೆ ಎಷ್ಟೋ ಸಲ ಓದಿದ್ದೇನೆ. ಅದರಾಚೆಯ ಪುಟಗಳನ್ನು ಇನ್ನೂ ತೆರೆದಿಲ್ಲ.

ಮೊನ್ನೆ ಡಬ್ಬಿಯ ಮುಂದೆ ಹಾಗೇ ಕುಳಿತಿದ್ದೆ. ಮಗಳು ಮೊಬೈಲ್ ಹಿಡಿದು ಬಂದಳು. ಅವಳ ತಲೆಯಲ್ಲೂ ಈಗ ಬಿಳಿ ಕೂದಲು. ಒಂದೊಂದು ಕಾಲದ ಅಮೆರಿಕದ ಶ್ರೇಷ್ಠ ಕಾದಂಬರಿ ಯಾವುದೆಂದು ಯಾರೋ ಮತ್ತೆ ಆರಿಸಿದ್ದಾರಂತೆ. "ಅಮ್ಮ, ನಿನ್ನ ಬುಕ್ ಇದರಾಗ ಅದ ನೋಡು. ನಾನು ಓದೇ ಇಲ್ಲ. ಎಂಡಿಂಗ್ ಏನು?"

"ಕೂಸು ಉಳೀತದ" ಎಂದೆ. "ಬೇಲಿ ಹಿಡಕೊಂಡು ಹೆಜ್ಜಿ ಹಾಕ್ತದ."

ಅವಳು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದಳು. "ನಹೀ ಅಮ್ಮ, ಇಲ್ಲಿ ಬೇರೇನೇ ಬರದಾರ. ಬಚ್ಚಾ ಮರ್ ಜಾತಾ ಹೈ. ನಿನಗ ಯಾರು ಹಂಗ ಹೇಳಿದ್ದು?"

ಅಂದು ಪ್ರೊಫೆಸರರು ಕೇಳಿದಂಥದೇ ಪ್ರಶ್ನೆ ಇನ್ನೊಮ್ಮೆ ಬಂದಿತ್ತು. "ನಮ್ಮ ಮಾಸ್ತರ್ರು" ಎಂದೆ. "ಅವ್ರು ತಪ್ಪು ಓದಿರಲಿಲ್ಲವಾ. ನನ್ನ ಸಲುವಾಗಿ ಹಂಗ ಹೇಳಿದ್ರು."

ಬಹಳ ಸಣ್ಣ ಮಾತು. ಅಂದು ಆ ಸಭೆಯಲ್ಲಿ ಅದು ನನಗೆ ಗೊತ್ತಿರಲಿಲ್ಲ. ಗೊತ್ತಾದಮೇಲೆ ಬಸ್ ಸ್ಟಾಪಿನಿಂದ ಅವರ ಮನೆಯವರೆಗೂ ಅದನ್ನು ಹೊತ್ತುಕೊಂಡು ಹೋಗಲು ನನ್ನಿಂದಾಗಲಿಲ್ಲ.