ಬೆಲ್ಲ ತರ್ರಿ ಎಂದು ಕೂಗಿದವನು

ದೆವ್ವ, ಶಕುನ, ಮುನ್ಸೂಚನೆ ಇಂಥವನ್ನು ನಾನು ನಂಬುತ್ತಿರಲಿಲ್ಲ. ಧೈರ್ಯವಂತನಾಗಿದ್ದೆ ಎಂದಲ್ಲ. ಕಣ್ಣಿಗೆ ಕಾಣುವ ಸಂಗತಿಗಳಿಗೆ ಹೆದರುವುದರಲ್ಲೇ ನನ್ನ ದಿನ ಮುಗಿದುಹೋಗುತ್ತಿತ್ತು, ಕಾಣದವುಗಳಿಗೆ ಹೆದರಲು ಪುರಸೊತ್ತು ಸಿಗುತ್ತಿರಲಿಲ್ಲ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವನು ನಾನು. ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ತಿರುಗಿ ಬಂದದ್ದು ಎಷ್ಟು ಸಲವೋ. ಸಿಂದಗಿ ಕಡೆಯವಳಾದ ನನ್ನ ಹೆಂಡತಿ ಮದುವೆಯಾದ ವರ್ಷವೇ ಹೇಳಿಬಿಟ್ಟಿದ್ದಳು: “ನಿಮಗ ಚಿಂತಿ ಮಾಡಾಕ ಏನೂ ಸಿಗಲಿಲ್ಲಂದ್ರ, ಯಾಕ ಸಿಗಲಿಲ್ಲ ಅಂತ ಚಿಂತಿ ಮಾಡ್ತೀರಿ.”

ನಾನು ದನದ ಡಾಕ್ಟರು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಎಂದು ವರ್ಗವಾಗುತ್ತ ಬಂದು ಕೊನೆಗೆ ಮುದ್ದೇಬಿಹಾಳದಲ್ಲಿ ನಿಂತವನು. ಈಗ ಹೇಳಲಿರುವುದು ಆರೇಳು ವರ್ಷದ ಹಿಂದೆ ಮೇ ತಿಂಗಳ ಒಂದು ಮಧ್ಯಾಹ್ನ ನಡೆದದ್ದು. ರಾತ್ರಿ ನಡೆದಿದ್ದರೆ ಕತ್ತಲೆಯ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಇದು ನೆತ್ತಿ ಸುಡುವ ಬಿಸಿಲಿನಲ್ಲಿ, ಎಲ್ಲವೂ ನಿಚ್ಚಳವಾಗಿ ಕಾಣುವ ಹೊತ್ತಿನಲ್ಲಿ ನಡೆಯಿತು. ಅದೇ ನನ್ನ ತಾಪತ್ರಯ.

ಮೊದಲು ಜೋಳದ ವಿಷಯ ಹೇಳಬೇಕು. ಮೂರು ಹೊತ್ತು ರೊಟ್ಟಿ ತಿನ್ನುವ ನಾವು ಜೋಳ ವಿಷ ಎಂದರೆ ನಗುತ್ತೇವೆ. ಆದರೆ ಎಳೆಯ ಜೋಳ, ಇಲ್ಲಿನವರ ಬಾಯಲ್ಲಿ ಸಣ್ಣ ಜೋಳ, ಅದರಲ್ಲೂ ನೀರಿಲ್ಲದೆ ಬಾಡಿ ಮತ್ತೆ ಚಿಗುರಿದ ಜೋಳ, ದನಕ್ಕೆ ಸಯನೈಡ್ ಇದ್ದಂತೆ. ಇದ್ದಂತೆ ಏನು, ಸಯನೈಡೇ. ನಮ್ಮ ಹಿರಿಯರಿಗೆ ಇದರ ಕಾಟ ಕಡಿಮೆಯಿತ್ತು. ಈ ಭಾಗದಲ್ಲಿ ಹಿಂಗಾರಿ ಜೋಳವನ್ನು ಬೇರುಸಹಿತ ಕೀಳುತ್ತಾರೆ, ಹೊಲದಲ್ಲಿ ಚಿಗುರಲು ಬುಡವೇ ಉಳಿಯುವುದಿಲ್ಲ. ಕಾಲುವೆ ನೀರು ಬಂದ ಮೇಲೆ ಮೇವಿಗೆಂದು ಜೋಳ ಬಿತ್ತಿ, ಕುಡಗೋಲಿನಿಂದ ಕೊಯ್ಯುವುದು ಶುರುವಾಯಿತು. ಬುಡ ಉಳಿಯಿತು. ಬೇಸಿಗೆಯಲ್ಲಿ ಕಾಲುವೆ ಬಂದಾಗಿ ಆ ಬುಡ ಒಣಗುತ್ತದೆ. ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಿದ್ದರೆ ಸಾಕು, ಸುತ್ತೆಲ್ಲ ಕರಿಮಣ್ಣು ಬಿರಿದು ಬಿದ್ದಿರುವಾಗ ಅದೊಂದು ಪಟ್ಟಿ ಮಾತ್ರ ಹಸಿರಾಗಿ ನಗುತ್ತದೆ. ಹಸಿದ ದನ ಅತ್ತ ಹೋಗದೆ ಇನ್ನೆತ್ತ ಹೋದೀತು?

ತಿಂದ ಮೇಲೆ ಕಾಲು ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಇಲ್ಲಿನ ದೂರಗಳನ್ನು ಬಲ್ಲವರಿಗೆ ನನ್ನ ಪಾಡು ಅರ್ಥವಾದೀತು. ಹದಿನೆಂಟು ವರ್ಷದ ನೌಕರಿಯಲ್ಲಿ ಜೋಳದ ವಿಷಕ್ಕೆ ಸಿಕ್ಕ ಒಂದು ದನವನ್ನೂ ನಾನು ಜೀವಂತ ನೋಡಿರಲಿಲ್ಲ. ಹೋಗುವಷ್ಟರಲ್ಲಿ ಹೊಟ್ಟೆ ಉಬ್ಬಿ ಮಲಗಿರುತ್ತಿತ್ತು. ಸತ್ತಿದೆ ಎಂದು ಎಲ್ಲರಿಗೂ ಗೊತ್ತಿದ್ದದ್ದನ್ನೇ ನಾನು ಓದಿದವನ ದನಿಯಲ್ಲಿ ಹೇಳಿ ಬರುತ್ತಿದ್ದೆ. ಕುತ್ತಿಗೆಯ ನರಕ್ಕೆ ಏರಿಸುವ ಔಷಧವೊಂದಿದೆ. ನನ್ನ ಪೆಟ್ಟಿಗೆಯಲ್ಲಿ ಸದಾ ಒಂದು ಸೀಸೆ ಇರುತ್ತಿತ್ತು, ಒಂದು ದೊಡ್ಡ ದನಕ್ಕಾಗುವಷ್ಟು. ಆ ಒಂದೇ ಎಂದೂ ತೆರೆಯದಿದ್ದಾಗ ಎರಡು ಯಾಕೆ ಹೊರಬೇಕು?

ಆ ದಿನ ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ, ರೊಟ್ಟಿ ಪುಂಡಿಪಲ್ಯದ ಮುಂದೆ ಕೂತಿದ್ದಾಗ ಫೋನ್ ಬಂತು. ಹೆಣ್ಣು ದನಿ, ಏದುಸಿರು. “ಸಾಹೇಬ್ರ, ನಾ ಮಾಬೂಬಿ ಸೊಸಿರೀ. ಎರಡೂ ಸಣ್ಣ ಜ್ವಾಳ ತಿಂದಾವ್ರೀ. ಬಿದ್ದು ಒದ್ಯಾಡಾಕತ್ತಾವ್ರೀ. ಲಗೂನ ಬರ್ರೀ!”

ಆಕೆಯ ಹಿಂದೆ ಗದ್ದಲ. ತುಂಬಿದ ಕೊಡ ಉರುಳಿದ ಸದ್ದು. ಒಬ್ಬ ಗಂಡಸು ಕೂಗುತ್ತಿದ್ದ, “ಬೆಲ್ಲ ತರ್ರಿ, ಬೆಲ್ಲ! ನಿಂತು ಏನ್ ನೋಡ್ತೀರಿ?” ಹೆದರಿ ಕೀಚಲಾದ ದನಿ. ನನಗೆ ಸಿಟ್ಟೇ ಬಂತು. ಯಾವನೋ ಅರೆಬರೆ ವೈದ್ಯ ನನಗಿಂತ ಮೊದಲೇ ಹೋಗಿ ಕೂತಿದ್ದಾನೆ, ಇಂಥ ಪುಕ್ಕಲನನ್ನು ದನದ ಹತ್ತಿರ ಯಾರು ಬಿಟ್ಟರು ಎಂದುಕೊಂಡೆ. “ಹೊಂಟೇನಿ” ಎಂದಷ್ಟೇ ಹೇಳಿ, ಕೈ ತೊಳೆಯದೆ ಬೈಕ್ ಹತ್ತಿದೆ.

ಮಾಬೂಬಿ ಎಂದರೆ ತಂಗಡಗಿ ರಸ್ತೆಯಿಂದ ಒಳಗೆ, ಕಾಲುವೆಯ ಆಚೆ ಹೊಲದಲ್ಲೇ ಮನೆ ಮಾಡಿಕೊಂಡಿದ್ದ ಅರವತ್ತರ ಹೆಂಗಸು. ಲಸಿಕೆ ಹಾಕಲು ಹೋದಾಗ ಪರಿಚಯವಾಗಿತ್ತು. ಆಕೆಯ ಬಳಿ ಇದ್ದದ್ದು ಒಂದು ಕರೇ ಎಮ್ಮೆ, ಒಂದು ಕೆಂಪು ಆಕಳು. ಎಮ್ಮೆಯ ಹಾಲಿನಿಂದ ಮನೆ ನಡೆಯುತ್ತಿತ್ತು. ಆಕಳು ಗಬ್ಬವಿತ್ತು, ದಿನ ತುಂಬುತ್ತ ಬಂದಿತ್ತು. ಮಗ ಲಾರಿಯ ಮೇಲೆ ಊರೂರು ತಿರುಗುತ್ತಿದ್ದ. ಅತ್ತೆ, ಸೊಸೆ ರೇಷ್ಮಾ ಇಬ್ಬರೇ ದನ ನೋಡಿಕೊಳ್ಳುತ್ತಿದ್ದರು.

ಎರಡೂ ಸತ್ತಿರುತ್ತವೆ ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೇ ಹೋದೆ. ಅವರ ಅಂಗಳದ ಸುತ್ತ ಮುಳ್ಳುಬೇಲಿ. ಒಳಹೋಗುವ ಬಾಯಿಗೆ ಒಂದು ದೊಡ್ಡ ಜಾಲಿಯ ಮುಳ್ಳುಕಂಟಿ ಎಳೆದು ಮುಚ್ಚಿದ್ದರು. ಅದನ್ನು ಪಕ್ಕಕ್ಕೆ ಎಳೆದು, ಬೈಕ್ ಒಳಗೆ ತಂದು, ಪೆಟ್ಟಿಗೆ ಹಿಡಿದು ಓಡಿದೆ.

ಬೇವಿನ ನೆರಳಲ್ಲಿ ಎಮ್ಮೆ, ಆಕಳು ಎರಡೂ ಹಗ್ಗವಿಲ್ಲದೆ ಆರಾಮಾಗಿ ಮೆಲುಕು ಹಾಕುತ್ತಿದ್ದವು. ಬುಡದಲ್ಲಿ ಕೂತು ಅವನ್ನೇ ಕಾಯುತ್ತಿದ್ದ ಮಾಬೂಬಿ ಸೆರಗು ಸರಿಮಾಡಿಕೊಂಡು ಎದ್ದಳು. “ಏನಾತ್ರಿ ಸಾಹೇಬ್ರ, ಹಿಂಗ್ಯಾಕ ಓಡಿ ಬಂದ್ರಿ?”

ಫೋನ್ ಬಂದಿತ್ತೆಂದೆ. ರೇಷ್ಮಾ ಹೊರಗೆ ಬಂದು, ತಾನು ಮಾಡೇ ಇಲ್ಲ ಎಂದಳು. ನನ್ನ ಫೋನ್ ತೆಗೆದು ತೋರಿಸಿದೆ. ಒಂದೂ ಇಪ್ಪತ್ತು, ಅವಳದೇ ನಂಬರು. ಅವಳು ಮುಖ ಸಣ್ಣದು ಮಾಡಿ ತನ್ನ ಫೋನ್ ತಂದು ಕೊಟ್ಟಳು. ಅದರಲ್ಲಿ ಆ ಹೊತ್ತಿಗೆ ಹೋದ ಕರೆ ಇರಲಿಲ್ಲ. ಎಮ್ಮೆಗೆ ಹಿಂಡಿ ತಂದಿದ್ದ ಪಕ್ಕದ ಹೊಲದ ಸಂಗಪ್ಪ ಅಲ್ಲೇ ಇದ್ದ. ಅವನಿಗೆ ಹಬ್ಬವಾಯಿತು. “ಕರದ್ರೂ ಬಾರದ ಡಾಕ್ಟರ್ರು ಕರೀದ ಬಂದಾರಂದ್ರ ಈ ವರ್ಷ ಮಳಿ ಗ್ಯಾರಂಟಿ ಬಿಡ್ರಿ.”

“ಸಣ್ಣ ಜೋಳ ತಿಂದಿಲ್ಲ ತಾನೆ?” ಎಂದು ಮತ್ತೆ ಕೇಳಿದೆ. ಬೇಲಿಯಾಚೆ ಎದುರಿಗೇ ಆ ಹಸಿರು ಪಟ್ಟಿ ಕಾಣುತ್ತಿತ್ತು.

ಮಾಬೂಬಿಗೆ ನಗು ಬಂತು. “ಅದು ವಿಷ ಅಂತ ನಮಗ ಗೊತ್ತಿಲ್ಲೇನ್ರಿ? ಅದಕ್ಕಂತನ ಕಂಟಿ ಹಚ್ಚೇವಿ. ಬಿಸಲು ತಲಿಗೆ ಏರೇತಿ ನಿಮಗ. ಒಳಗ ಬರ್ರಿ, ಚಾ ಕುಡದು ಹೋಗೀರಂತ.”

ನಾವು ನಾಲ್ವರೂ ಒಳಗೆ ಹೋದೆವು. ಆ ಎಮ್ಮೆಯ ಹಾಲಿನದೇ ಚಹಾ, ಗಟ್ಟಿಯಾಗಿತ್ತು. ಸಂಗಪ್ಪ ಚೇಷ್ಟೆ ಮಾಡುತ್ತಲೇ ಇದ್ದ. ನಾನೂ ನಕ್ಕೆ. ಇಷ್ಟು ವರ್ಷದ ಚಿಂತೆ ತಲೆ ಕೆಡಿಸಿ, ಕೊನೆಗೆ ಕಿವಿಯಲ್ಲಿ ಮಾತಾಡಲು ಶುರುಮಾಡಿದೆ, ವಿಜಯಪುರಕ್ಕೆ ಹೋಗಿ ಯಾರಿಗಾದರೂ ತೋರಿಸಬೇಕು ಎಂದು ಹೊಸದೊಂದು ಚಿಂತೆಯನ್ನೂ ಹಚ್ಚಿಕೊಂಡೆ. ಅರ್ಧ ಗಂಟೆ ಮೀರಿ ಕೂತಿರಬೇಕು.

ಹೊರಗೆ ಏನೋ ಧೊಪ್ಪನೆ ಬಿತ್ತು.

ಬೇವಿನ ನೆರಳು ಖಾಲಿಯಿತ್ತು. ಬೇಲಿಯ ಬಾಯಿ ತೆರೆದೇ ಇತ್ತು. ಎಮ್ಮೆ ಜೋಳದ ಪಟ್ಟಿಯ ನಡುವೆ ಬಿದ್ದು ಕಾಲು ಬಡಿಯುತ್ತಿತ್ತು. ಆಕಳು ತೂರಾಡುತ್ತ ಮನೆಯ ಕಡೆ ನಾಲ್ಕು ಹೆಜ್ಜೆ ಬಂದು ಮುಂಗಾಲು ಮಡಚಿ ಕುಸಿಯಿತು. ಬಾಯಿಂದ ನೊರೆ. ತುಟಿ ಸರಿಸಿ ನೋಡಿದರೆ ಒಸಡು ಕೆಂಪಗೆ ಹಣ್ಣಿನಂತೆ ಹೊಳೆಯುತ್ತಿತ್ತು. ಪುಸ್ತಕದಲ್ಲಿ ಓದಿದ್ದ ಆ ಬಣ್ಣವನ್ನು ಜೀವವಿರುವ ದನದಲ್ಲಿ ಅಂದೇ ಮೊದಲು ಕಂಡೆ.

ಎರಡು ದನ, ಒಂದು ಸೀಸೆ. ಹಂಚಿದರೆ ಎರಡಕ್ಕೂ ಸಾಲದು. ನಾನು ಮಾಬೂಬಿಯ ಮುಖ ನೋಡಿದೆ. “ಅವ್ವಾ, ಔಷಧ ಒಂದಕ್ಕಷ್ಟ ಐತಿ.”

ಆಕೆ ಎಮ್ಮೆಯ ಕಡೆ ನೋಡಿದಳು. ಅದು ಮನೆ ನಡೆಸುವ ಎಮ್ಮೆ. ಮರುಗಳಿಗೆ ತಿರುಗಿ, “ಎರಡು ಜೀವ ಇದ್ದದ್ದಕ್ಕ ಹಾಕ್ರಿ” ಎಂದಳು.

ಆಕಳಿನ ಕುತ್ತಿಗೆಯ ಮೇಲೆ ಮಂಡಿಯೂರಿ ಸೂಜಿ ಚುಚ್ಚಿದೆ. ಔಷಧ ನಿಧಾನ ಏರಿಸಬೇಕು, ಕೈ ಬಿಡುವಂತಿಲ್ಲ. ಎಮ್ಮೆ ಇನ್ನೂ ತಲೆ ಎತ್ತಲು ನೋಡುತ್ತಿತ್ತು. ಅದಕ್ಕೂ ಏನಾದರೂ ಮಾಡಬೇಕಲ್ಲ. ಹಳ್ಳಿಯವರು ಬೆಲ್ಲದ ನೀರು ಕುಡಿಸುತ್ತಾರೆ. ನಾನು ಅದನ್ನು ಎಂದೂ ನಂಬಿದವನಲ್ಲ. ಆದರೆ ಕೈಯಲ್ಲಿ ಬೇರೇನೂ ಇಲ್ಲದವನಿಗೆ ಬೆಲ್ಲವೂ ಔಷಧವೇ. ಸಂಗಪ್ಪ ಕಲ್ಲಿನಂತೆ ನಿಂತಿದ್ದ. ನೀರು ತರಲು ಓಡಿದ ಮಾಬೂಬಿ ಎಡವಿದಳು, ತುಂಬಿದ ಕೊಡ ಅಂಗಳದಲ್ಲಿ ಉರುಳಿತು. ನಾನು ಕೂಗಿದೆ.

“ಬೆಲ್ಲ ತರ್ರಿ, ಬೆಲ್ಲ! ನಿಂತು ಏನ್ ನೋಡ್ತೀರಿ?”

ಕೂಗಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಆ ಕೀಚಲು ದನಿ, ಆ ಪುಕ್ಕಲ. ತಲೆ ಎತ್ತಿ ನೋಡಿದರೆ ರೇಷ್ಮಾ ಬಾಗಿಲಲ್ಲಿ ನಿಂತು ಫೋನ್ ಕಿವಿಗೆ ಹಚ್ಚಿ ಅಳುತ್ತ ಹೇಳುತ್ತಿದ್ದಳು, “ಬಿದ್ದು ಒದ್ಯಾಡಾಕತ್ತಾವ್ರೀ. ಲಗೂನ ಬರ್ರೀ!”

ಎಮ್ಮೆ ಹತ್ತು ನಿಮಿಷದಲ್ಲಿ ಹೋಯಿತು. ಆಕಳು ಉಳಿಯಿತು. ಸಂಜೆಯ ಹೊತ್ತಿಗೆ ಎದ್ದು ನಿಂತು, ಏನೂ ಆಗಿಲ್ಲವೆಂಬಂತೆ ಮೇವಿಗೆ ಬಾಯಿ ಚಾಚಿತು.

ಆಗ ನಾನು ರೇಷ್ಮಾಳನ್ನು ಕೇಳಿದೆ. “ತಂಗಿ, ಅಷ್ಟೊತ್ತಿನ್ಯಾಗ ಯಾರಿಗೆ ಫೋನ್ ಹಚ್ಚಿದ್ದಿ?”

“ನಿಮಗ್ರೀ” ಎಂದಳು ನಾಚಿಕೊಂಡು. “ಗಾಬರ್ಯಾಗ ತಲಿ ಓಡಲಿಲ್ರಿ. ನೀವು ಕಣ್ಮುಂದ ಅದೀರಿ ಅನ್ನೋದ ಮರತ ಬಿಟ್ಟೆ.”

“ಯಾರಾದ್ರೂ ಎತ್ತಿದ್ರೇನು?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ನೀವ ಎತ್ತಿದ್ರಲ್ರಿ. ಹೊಂಟೇನಿ ಅಂದ್ರಿ.”

ಚಹಾಕ್ಕೆ ಒಳಗೆ ಹೋಗುವ ಮೊದಲು ಬೈಕಿನ ಚೀಲಕ್ಕೆ ಹಾಕಿದ್ದ ನನ್ನ ಫೋನ್ ಅಷ್ಟು ಹೊತ್ತೂ ಅಲ್ಲೇ ಇತ್ತು. ತೆಗೆದು ನೋಡಿದೆ. ಆಮೇಲೆ ಬಂದ ಕರೆ ಒಂದೂ ಇಲ್ಲ. ಇದ್ದದ್ದು ಒಂದೂ ಇಪ್ಪತ್ತರದೊಂದೇ. ಅವಳ ಫೋನಿನಲ್ಲಿ ನನಗೆ ಹೋದ ಕರೆಯೂ ಒಂದೇ, ಹೊತ್ತು ಎರಡೂ ಐವತ್ತು. ಗಡಿಯಾರ ತಪ್ಪಿರಲಿ ದೇವರೇ ಎಂದು ಎರಡೂ ಫೋನ್ ಅಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಸಂಜೆ ಆರೂ ಹತ್ತು.

ಆಮೇಲೆ ಎಷ್ಟೋ ಜನರನ್ನು ಕೇಳಿದ್ದೇನೆ. ಮೊಬೈಲ್ ರಿಪೇರಿ ಮಾಡುವವನು ಟವರಿನ ಸಮಸ್ಯೆ ಎಂದ. ಹೆಂಡತಿ ಮೊದಲ ಸಲ ನನ್ನ ಚಿಂತೆಯನ್ನು ಗೇಲಿ ಮಾಡಲಿಲ್ಲ. ಅದರಿಂದ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಆದರೆ ಅವರಲ್ಲಿ ಯಾರಿಗೂ ಹೇಳದ ಒಂದು ಮಾತಿದೆ. ಬೇಲಿಯ ಕಂಟಿ ತೆಗೆದವನು ನಾನು. ಬೀಗವನ್ನು ಮೂರು ಸಲ ಜಗ್ಗುವ ಈ ಮಹಾಶಯ ಅಂದು ಅದನ್ನು ಮತ್ತೆ ಎಳೆದು ಹಾಕಲಿಲ್ಲ. ದಿನವೂ ಆ ಹೊತ್ತಿಗೆ ದನದ ಮುಂದೆ ಕೂತಿರುತ್ತಿದ್ದ ಮಾಬೂಬಿಯನ್ನು ಒಳಗೆ ಕೂರಿಸಿದ್ದೂ ನನ್ನ ನೆಪದ ಚಹಾವೇ. ಆ ಫೋನ್ ಬರದಿದ್ದರೆ ನಾನು ಹೋಗುತ್ತಿರಲಿಲ್ಲ. ನಾನು ಹೋಗದಿದ್ದರೆ ಅವು ಜೋಳ ತಿನ್ನುತ್ತಿರಲಿಲ್ಲ. ಅವು ತಿನ್ನದಿದ್ದರೆ ರೇಷ್ಮಾ ಫೋನ್ ಮಾಡುತ್ತಿರಲಿಲ್ಲ. ಹಾಗಾದರೆ ಆ ಕರೆ ಆಕಳನ್ನು ಉಳಿಸಲು ಬಂತೋ, ಎಮ್ಮೆಯನ್ನು ಕೊಲ್ಲಲು ಬಂತೋ? ಇದನ್ನು ನಾನು ಯಾವ ಕಡೆಯಿಂದ ಹಿಡಿದರೂ ಕೈಗೆ ಮುಳ್ಳೇ ತಾಗುತ್ತದೆ.

ಹೇಳಿಬಿಡಬೇಕೆಂದು ಎರಡು ಸಲ ಆ ಹೊಲಕ್ಕೆ ಹೋದೆ. ಮೊದಲ ಸಲ ಆಕಳ ಪಕ್ಕದಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆಯ ಕರು ನಿಂತಿತ್ತು. ಮಾಬೂಬಿ ನನ್ನ ಕೈ ಹಿಡಿದು, “ನೀವು ಬರಲಿಲ್ಲಂದ್ರ ಮೂರೂ ಹೋಗ್ತಿದ್ದುವ್ರಿ” ಎಂದಳು. ಕರುವಿನ ಬೆನ್ನು ಸವರಿ, ಕೊಟ್ಟ ಚಹಾ ಕುಡಿದು ಬಂದೆ. ಎರಡನೆಯ ಸಲವೂ ಚಹಾ ಕುಡಿದು ಎದ್ದೆ. ಬೇಲಿ ದಾಟುವಾಗ ಆಕೆ ಬೇವಿನ ಬುಡದಿಂದಲೇ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು, “ಸಾಹೇಬ್ರ, ಕಂಟಿ ಹಚ್ಚಿ ಹೋಗ್ರಿ.”

ಬಂದವರಿಗೆಲ್ಲ ಹೇಳುವ ಮಾತೋ, ನನಗೆ ಮಾತ್ರ ಹೇಳಿದ್ದೋ, ತಿರುಗಿ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಈಗ ನನ್ನ ಪೆಟ್ಟಿಗೆಯಲ್ಲಿ ನಾಲ್ಕು ಸೀಸೆಗಳಿವೆ. ಮೇ ತಿಂಗಳಲ್ಲಿ ಅಡ್ಡಮಳೆ ಬಿದ್ದ ಮೇಲೆ, ಊಟದ ಹೊತ್ತಿಗೆ ಫೋನ್ ಬಂದರೆ ಇಂದಿಗೂ ನಾನು ಎತ್ತಿ ಕೂಡಲೇ ಮಾತಾಡುವುದಿಲ್ಲ. ಹೇಳುವವರು ಹೇಳುತ್ತಿರುತ್ತಾರೆ. ನಾನು ಉಸಿರು ಬಿಗಿಹಿಡಿದು, ಅವರ ಹಿಂದೆ ಯಾರು ಕೂಗುತ್ತಿದ್ದಾರೆ ಎಂದು ಕೇಳುತ್ತಿರುತ್ತೇನೆ.